ಶುಕ್ರವಾರದ ಊಟ

ಇಂಗ್ಲೆಂಡಿನಲ್ಲಿ ಶುಕ್ರವಾರ ಮೀನು ತಿನ್ನುವ ವಾಡಿಕೆ ಇಂದಿಗೂ ಉಂಟು. ಅದರ ಮೂಲವನ್ನು ಮರೆತವರೂ ತಿನ್ನುತ್ತಾರೆ. ಕ್ರಿಸ್ತನು ಶಿಲುಬೆಯ ಮೇಲೆ ಪ್ರಾಣಬಿಟ್ಟ ವಾರವೆಂದು ಕಥೋಲಿಕರು ಅಂದು ಮಾಂಸವನ್ನು ವರ್ಜಿಸುತ್ತಿದ್ದರು, ಮೀನಿಗೆ ನಿಷೇಧವಿರಲಿಲ್ಲ. ವ್ರತ ಮಾಸಿತು, ರುಚಿ ಉಳಿಯಿತು!

1966ರಲ್ಲಿ ಪೋಪ್ ಆರನೆಯ ಪೌಲರು ಈ ನಿಯಮವನ್ನು ಸಡಿಲಿಸಿ, ಮಾಂಸತ್ಯಾಗಕ್ಕೆ ಬದಲಾಗಿ ಪ್ರಾರ್ಥನೆಯನ್ನೋ ದಾನಧರ್ಮವನ್ನೋ ಗೊತ್ತುಮಾಡುವ ಅಧಿಕಾರವನ್ನು ಆಯಾ ದೇಶದ ಧರ್ಮಾಧ್ಯಕ್ಷರಿಗಿತ್ತರು. ಉದ್ದೇಶ ಉದಾತ್ತವೇ ಸರಿ. ಆದರೆ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದೆಂದಾಗ ಏನನ್ನೂ ಆರಿಸಿಕೊಳ್ಳದಿರುವುದು ಮನುಷ್ಯನಿಗೆ ಬಲು ಸುಲಭ. ಎಲ್ಲರೂ ಕೂಡಿ ಆಚರಿಸುವ ಗುರುತೊಂದು ಬೇಕೆಂದು, ಇಂಗ್ಲೆಂಡ್ ಮತ್ತು ವೇಲ್ಸಿನ ಧರ್ಮಾಧ್ಯಕ್ಷರು 2011ರ ಸೆಪ್ಟೆಂಬರ್ 16ರಿಂದ ಶುಕ್ರವಾರದ ಮಾಂಸವರ್ಜನೆಯನ್ನು ಮರಳಿ ವಿಧಿಸಿದರು.

ದೇವರ ಹೆಸರೆತ್ತದ ಕಚೇರಿಯಲ್ಲಿ ದುಡಿಯುವ ಗೃಹಸ್ಥನಿಗೆ ಇದು ಸಣ್ಣ ಪರೀಕ್ಷೆಯಲ್ಲ. ಅವನನ್ನು ತಡೆಯುವವರೂ ಇಲ್ಲ, ಒತ್ತಾಯಿಸುವವರೂ ಇಲ್ಲ. ಗೆಳೆಯರ ಔತಣದಲ್ಲಿ 'ಇಂದು ನನಗೆ ಮಾಂಸ ಬೇಡ' ಎಂದರೆ ಕಾರಣ ಹೇಳಬೇಕು, ಹೇಳಲು ಸಂಕೋಚ. ಹಿಂಸೆಗೆ ಅಂಜದ ಶ್ರದ್ಧೆಯೂ ಗೆಳೆಯರ ಮುಗುಳ್ನಗೆಗೆ ಅಂಜುವುದುಂಟು.

ಏಕಾದಶಿಯ ಉಪವಾಸವನ್ನು ಕಂಡ ನಮಗೆ ಈ ಸಂಕೋಚ ಅಪರಿಚಿತವೆ? ವಾರಕ್ಕೊಮ್ಮೆ ತಟ್ಟೆಯ ಮುಂದೆ ಕ್ಷಣಕಾಲ ತಡೆಯುವ ತಂದೆಯನ್ನು ಕಂಡು, 'ಏಕೆ?' ಎಂದು ಮಗು ಒಂದು ದಿನ ಕೇಳಿಯೇ ಕೇಳುತ್ತದೆ. ಅಂದು 'ಹಿಂದಿನಿಂದ ಬಂದದ್ದು' ಎಂದಷ್ಟೇ ಹೇಳಿದರೆ, ಆ ಮನೆಯಲ್ಲಿಯೂ ಕಡೆಗೆ ಉಳಿಯುವುದು ಮೀನಿನ ರುಚಿಯೊಂದೇ.