‘ಓದು ಫ್ರೀ’ ಅಂದ್ರೂ ಖಾತೆಯಲ್ಲಿ ದುಡ್ಡು ಬೇಕು

ಇಂಜಿನಿಯರಿಂಗ್ ಕೊನೆಯ ವರ್ಷದ ಮಕ್ಕಳಿರುವ ಮನೆಗಳಲ್ಲಿ ಈಗ ಅಮೆರಿಕದ ಜತೆಗೆ ಜರ್ಮನಿಯ ಹೆಸರೂ ಜೋರಾಗಿ ಕೇಳಿಸುತ್ತಿದೆ. ‘ಅಲ್ಲಿ ಓದು ಫ್ರೀಯಂತೆ ಕಣ್ರೀ, ಬರೀ ವೀಸಾ ಮಾಡಿಸಿದ್ರೆ ಆಯ್ತು’ ಅಂತ ಅರಿಶಿನ ಕುಂಕುಮಕ್ಕೆ ಬಂದವರೂ ಹೇಳುತ್ತಾರೆ. ಮಾತು ಪೂರ್ತಿ ಸುಳ್ಳೇನಲ್ಲ. 2023–24ರ ಚಳಿಗಾಲದ ಸೆಮಿಸ್ಟರ್ ಹೊತ್ತಿಗೆ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು 49 ಸಾವಿರಕ್ಕೂ ಹೆಚ್ಚು. ಅಲ್ಲಿನ ಹೊರದೇಶದ ವಿದ್ಯಾರ್ಥಿಗಳಲ್ಲಿ ನಮ್ಮವರದ್ದೇ ಮೊದಲ ಸ್ಥಾನ. ಆದರೆ ‘ಬರೀ ವೀಸಾ’ ಅನ್ನುತ್ತಾರಲ್ಲ, ಆ ಎರಡು ಪದಗಳ ಒಳಗೆ ನಮ್ಮ ಮನೆಯ ಎಷ್ಟು ದುಡ್ಡು ಕೂತಿದೆ ಅನ್ನೋದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಎಲ್ಲ ಕಡೆಯೂ ಬಿಗಿ

ಮೊದಲು ಸುತ್ತಮುತ್ತ ಏನಾಗಿದೆ ನೋಡೋಣ. ಮನೆಗಳ ಕೊರತೆ, ಬಾಡಿಗೆ ಏರಿಕೆ, ವಲಸೆ ಬಗ್ಗೆ ಚುನಾವಣೆಯ ಗದ್ದಲ. ಇವೆಲ್ಲ ಸೇರಿ ಶ್ರೀಮಂತ ದೇಶಗಳು ವಿದ್ಯಾರ್ಥಿ ವೀಸಾವನ್ನು ಒಂದೊಂದಾಗಿ ಬಿಗಿ ಮಾಡುತ್ತಾ ಬಂದಿವೆ. ಕೆನಡಾ ದೇಶ ವಿದ್ಯಾರ್ಥಿ ತೋರಿಸಬೇಕಾದ ಜೀವನ ವೆಚ್ಚವನ್ನು 2024ರ ಜನವರಿಯಲ್ಲಿ 10,000 ಡಾಲರ್‌ನಿಂದ 20,635 ಡಾಲರ್‌ಗೆ ಏರಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು 22,895 ಡಾಲರ್ ಮಾಡಿತು. ಆಸ್ಟ್ರೇಲಿಯಾದಲ್ಲಿ 710 ಡಾಲರ್ ಇದ್ದ ವೀಸಾ ಶುಲ್ಕ 2024ರ ಜುಲೈನಲ್ಲಿ 1,600, 2025ರ ಜುಲೈನಲ್ಲಿ 2,000 ಡಾಲರ್ ಆಯಿತು. ಬ್ರಿಟನ್ 2024ರ ಜನವರಿಯಿಂದ ಹೆಚ್ಚಿನ ವಿದ್ಯಾರ್ಥಿಗಳಿಗೆ ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯಲು ಬಿಡುತ್ತಿಲ್ಲ.

ಇಷ್ಟಾದ ಮೇಲೆ ‘ಫೀಸೇ ಇಲ್ಲ’ ಅನ್ನುವ ದೇಶದ ಕಡೆ ನಮ್ಮವರು ತಿರುಗಿದ್ದರಲ್ಲಿ ಆಶ್ಚರ್ಯವೇನು?

ಫ್ರೀ ಯಾವುದು, ಅಲ್ಲದ್ದು ಯಾವುದು?

ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಅನ್ನೋದು ನಿಜ. ಪ್ರತಿ ಸೆಮಿಸ್ಟರ್‌ಗೂ ಒಂದಿಷ್ಟು ನೂರು ಯೂರೋ ಕಟ್ಟಿದರೆ ಸಾಕು. ಆದರೆ ಎಲ್ಲ ಕಡೆ ಹೀಗಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ 2017ರಿಂದಲೇ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕವಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಹೊಸದಾಗಿ ಸೇರುವ ಹೊರದೇಶದವರಿಗೆ ಶುಲ್ಕ ಹಾಕಿದೆ. ಖಾಸಗಿ ವಿಶ್ವವಿದ್ಯಾಲಯಗಳಂತೂ ಬಿಡಿ, ಅಲ್ಲಿ ಲಕ್ಷಗಳ ಲೆಕ್ಕ.

ಇಲ್ಲೊಂದು ಸೂಕ್ಷ್ಮ ಇದೆ. ಸರ್ಕಾರಿ ವಿಶ್ವವಿದ್ಯಾಲಯಗಳಿಂದ ಏಜೆಂಟರಿಗೆ ಸಾಮಾನ್ಯವಾಗಿ ಕಮಿಷನ್ ಸಿಗುವುದಿಲ್ಲ. ಹಾಗಾಗಿ ‘ಜರ್ಮನಿ ಫ್ರೀ’ ಅಂತ ಬೋರ್ಡ್ ಹಾಕಿ ಕರೆದು, ಕೊನೆಗೆ ಖಾಸಗಿ ಕಾಲೇಜಿನ ಫಾರಂ ಮುಂದಿಡುವವರೂ ಇದ್ದಾರೆ. 2025ರಲ್ಲಿ ಬರ್ಲಿನ್‌ನ ಖಾಸಗಿ ವಿಶ್ವವಿದ್ಯಾಲಯವೊಂದರ ಭಾರತೀಯ ವಿದ್ಯಾರ್ಥಿಗಳಿಗೆ ದೇಶ ಬಿಡುವಂತೆ ನೋಟಿಸ್ ಬಂದ ಸುದ್ದಿ ಓದಿರಬಹುದು. ಕೋರ್ಸಿನ ಹೆಚ್ಚಿನ ಪಾಠ ಆನ್‌ಲೈನ್‌ನಲ್ಲೇ ನಡೆಯುತ್ತದೆ, ಅದಕ್ಕೆ ಅಲ್ಲೇ ಬಂದಿರಬೇಕಾಗಿಲ್ಲ ಅನ್ನೋದು ಅಧಿಕಾರಿಗಳ ವಾದವಾಗಿತ್ತು. ಆದ್ದರಿಂದ ಪ್ರವೇಶ ಪತ್ರ ಕೈಗೆ ಬಂದಾಗ ಎರಡು ಪ್ರಶ್ನೆ ಕೇಳಿ: ಇದು ಸರ್ಕಾರಿಯೋ ಖಾಸಗಿಯೋ? ಪಾಠ ತರಗತಿಯಲ್ಲೋ ಆನ್‌ಲೈನ್‌ನಲ್ಲೋ?

ಬೀಗ ಹಾಕಿದ ಖಾತೆ

ವೀಸಾ ಅರ್ಜಿಯ ಜೀವಾಳ ಇರುವುದು ‘ಬ್ಲಾಕ್ಡ್ ಅಕೌಂಟ್’ ಅನ್ನುವ ಖಾತೆಯಲ್ಲಿ. ಮಗುವಿನ ಹೆಸರಿನಲ್ಲಿ ಇಂಥ ಖಾತೆ ತೆಗೆದು ಒಂದು ವರ್ಷದ ಖರ್ಚನ್ನು ಮುಂಚೆಯೇ ತುಂಬಬೇಕು. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮೊತ್ತ 11,904 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ 11 ಲಕ್ಷದ 90 ಸಾವಿರ! ಈ ಮೊತ್ತ ಆಗಾಗ ಏರುತ್ತಿರುತ್ತದೆ, ಅರ್ಜಿ ಹಾಕುವ ಮುಂಚೆ ಬೆಂಗಳೂರಿನ ಜರ್ಮನ್ ದೂತಾವಾಸದ ವೆಬ್‌ಸೈಟಿನಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ಮಗು ಅಲ್ಲಿಗೆ ಹೋದ ಮೇಲೆ ಈ ಹಣ ಒಟ್ಟಿಗೆ ಕೈಗೆ ಸಿಗುವುದಿಲ್ಲ, ತಿಂಗಳಿಗೆ 992 ಯೂರೋದಂತೆ ಬಿಡುಗಡೆಯಾಗುತ್ತದೆ.

ನಮ್ಮಲ್ಲಿ ಹಿಂದಿನಿಂದ ಒಂದು ರೂಢಿ ಇದೆ. ಭಾವ, ಮೈದುನ, ಸೋದರಮಾವ ಎಲ್ಲರ ಹತ್ತಿರ ಕೈಸಾಲ ತಂದು ಖಾತೆ ತುಂಬಿಸಿ, ಬ್ಯಾಂಕಿನಿಂದ ಪತ್ರ ಪಡೆದು, ವೀಸಾ ಆದ ಮೇಲೆ ಹಿಂದಿರುಗಿಸುವುದು. ಈ ತೋರಿಕೆಯ ದುಡ್ಡು ಇಲ್ಲಿ ನಡೆಯುವುದಿಲ್ಲ. ಹಾಗೆ ತಂದು ತುಂಬಿದರೆ ತಿಂಗಳು ತಿಂಗಳು ಬರುವ 992 ಯೂರೋದಲ್ಲೇ ಸಾಲ ತೀರಿಸಬೇಕು. ಮ್ಯೂನಿಕ್‌ನಂಥ ಊರಿನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೇ 700–800 ಯೂರೋ ಬಾಡಿಗೆ. ಆರೋಗ್ಯ ವಿಮೆಗೆ ತಿಂಗಳಿಗೆ 140 ಯೂರೋಗೂ ಮೇಲೆ. ಉಳಿದದ್ದರಲ್ಲಿ ಊಟವೋ, ಸಾಲವೋ?

ಎರಡನೇ ವರ್ಷದ ಗತಿ?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದು. ವೀಸಾ ಕೇಳುವುದು ಒಂದು ವರ್ಷದ ಹಣ. ಆದರೆ ಮಾಸ್ಟರ್ಸ್ ಕೋರ್ಸು ಸಾಮಾನ್ಯವಾಗಿ ಎರಡು ವರ್ಷ. ಇಲ್ಲಿಂದ ಸಿಗುವ ವೀಸಾ ದೇಶದೊಳಗೆ ಹೋಗುವುದಕ್ಕೆ. ಅಲ್ಲಿ ಹೋದ ಮೇಲೆ ಸ್ಥಳೀಯ ಕಚೇರಿಯಲ್ಲಿ ವಾಸದ ಪರವಾನಗಿ ಮಾಡಿಸಬೇಕು. ಅದರ ಅವಧಿ ಮುಗಿದಾಗ, ಮುಂದಿನ ಖರ್ಚಿಗೆ ದುಡ್ಡಿದೆ ಅಂತ ಮತ್ತೆ ತೋರಿಸಬೇಕು. ಅಂದರೆ ಮನೆಯವರು ಯೋಚಿಸಬೇಕಾದದ್ದು 12 ಲಕ್ಷದ ಬಗ್ಗೆ ಅಲ್ಲ, ಸುಮಾರು 24 ಲಕ್ಷದ ಬಗ್ಗೆ.

‘ಪಾರ್ಟ್ ಟೈಮ್ ಕೆಲಸ ಮಾಡ್ತಾನೆ ಬಿಡಿ’ ಅಂತೀರಾ? 2024ರ ಮಾರ್ಚ್‌ನಲ್ಲಿ ಬಂದ ನಿಯಮದ ಪ್ರಕಾರ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಒಳ್ಳೆಯ ಅವಕಾಶವೇ. ಆದರೆ ಜರ್ಮನ್ ಭಾಷೆ ಬಾರದವರಿಗೆ ಕೆಲಸ ಹುಡುಕುವುದೇ ಕಷ್ಟ, ಮೊದಲ ಸೆಮಿಸ್ಟರ್‌ನ ಪಾಠದ ಹೊರೆ ಬೇರೆ. ಆ ಸಂಬಳವನ್ನು ಕೈಖರ್ಚಿಗೆ ಇಟ್ಟುಕೊಳ್ಳಿ, ಎರಡನೇ ವರ್ಷದ ಬಂಡವಾಳ ಅಂತ ನಂಬಿ ಕೂರಬೇಡಿ.

ಸಾಲದ ಮಾತಿಗೆ ಬಂದರೆ, 7.5 ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಮನೆ ಅಥವಾ ಸೈಟಿನ ಪತ್ರ ಕೇಳುತ್ತವೆ. ಸ್ವಂತ ದುಡ್ಡಿನಿಂದ ವರ್ಷಕ್ಕೆ 10 ಲಕ್ಷಕ್ಕಿಂತ ಹೆಚ್ಚು ಕಳಿಸಿದರೆ ಮಿತಿ ಮೀರಿದ ಮೊತ್ತಕ್ಕೆ ಬ್ಯಾಂಕು ‘ಟಿಸಿಎಸ್’ ತೆರಿಗೆ ಹಿಡಿಯುತ್ತದೆ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸುವ ಹಣಕ್ಕೆ 2025ರ ಏಪ್ರಿಲ್‌ನಿಂದ ಈ ತೆರಿಗೆ ಇಲ್ಲ.

ಕಾಗದ ಶುದ್ಧವಾಗಿರಲಿ

2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ‘ಎಪಿಎಸ್’ ಸರ್ಟಿಫಿಕೇಟ್ ಕಡ್ಡಾಯವಾಗಿದೆ. ದೆಹಲಿಯಲ್ಲಿರುವ ಈ ಸಂಸ್ಥೆ ಅಂಕಪಟ್ಟಿ, ಪದವಿ ಪತ್ರಗಳು ಅಸಲಿಯೇ ಅಂತ ಪರೀಕ್ಷಿಸುತ್ತದೆ. ಅದಕ್ಕೆ 18 ಸಾವಿರ ರೂಪಾಯಿ ಶುಲ್ಕವಿದೆ. ಕೈಗೆ ಬರಲು ವಾರಗಳೇ ಹಿಡಿಯುವುದರಿಂದ ಪ್ರವೇಶ ಪತ್ರ ಬರಲಿ ಅಂತ ಕಾಯದೆ ಮೊದಲೇ ಅರ್ಜಿ ಹಾಕಿಸಿ. ಅಕ್ಟೋಬರ್‌ಗೆ ಶುರುವಾಗುವ ಸೆಮಿಸ್ಟರ್‌ಗೆ ಅನೇಕ ವಿಶ್ವವಿದ್ಯಾಲಯಗಳ ಕೊನೆಯ ದಿನ ಜುಲೈ 15. ಕೆಲವು ಕೋರ್ಸುಗಳದ್ದು ಇನ್ನೂ ಮುಂಚೆ.

ಸುಳ್ಳು ಕಾಗದ ಎಷ್ಟು ದುಬಾರಿ ಅನ್ನೋದಕ್ಕೆ ಕೆನಡಾದ ಪ್ರಕರಣ ನೆನಪಿಸಿಕೊಳ್ಳಿ. ಏಜೆಂಟರು ಕೊಟ್ಟ ಪ್ರವೇಶ ಪತ್ರ ನಕಲಿ ಅಂತ ತಿಳಿದು ನೂರಾರು ಭಾರತೀಯ ವಿದ್ಯಾರ್ಥಿಗಳು ಗಡೀಪಾರಿನ ಭಯದಲ್ಲಿ ಬೀದಿಗಿಳಿದದ್ದು 2023ರಲ್ಲಿ. ಅವರಲ್ಲಿ ಎಷ್ಟೋ ಮಕ್ಕಳಿಗೆ ತಮ್ಮ ಫೈಲಿನಲ್ಲಿ ಏನಿದೆ ಅಂತಲೇ ಗೊತ್ತಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ವೀಸಾ ಫೈಲಿಗೂ ಅದೇ ಮಾತು.

ವೀಸಾ ಸಿಗದಿದ್ದರೆ?

ಅಪಶಕುನ ಅಂದ್ಕೋಬೇಡಿ, ಇದನ್ನೂ ಕೇಳಲೇಬೇಕು. ವೀಸಾ ತಿರಸ್ಕೃತವಾದರೆ ಅದೇ ಕಚೇರಿಗೆ ‘ಮತ್ತೊಮ್ಮೆ ಪರಿಶೀಲಿಸಿ’ ಅಂತ ಬಿಟ್ಟಿಯಾಗಿ ಮನವಿ ಕೊಡುವ ಸೌಲಭ್ಯ ಮೊದಲಿತ್ತು. ಜರ್ಮನಿ 2025ರ ಜುಲೈ 1ರಿಂದ ಅದನ್ನು ತೆಗೆದುಹಾಕಿದೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನ ನ್ಯಾಯಾಲಯಕ್ಕೆ ಹೋಗಬೇಕು. ಹಾಗಾಗಿ ಮೊದಲ ಸಲವೇ ಫೈಲು ಸರಿಯಾಗಿರಬೇಕು.

ತಿರಸ್ಕಾರದ ಪತ್ರ ತೋರಿಸಿದರೆ ಬ್ಲಾಕ್ಡ್ ಅಕೌಂಟಿನ ಹಣ ವಾಪಸ್ ಬರುತ್ತದೆ. ಸೇವಾ ಶುಲ್ಕವನ್ನೂ ವಿನಿಮಯ ದರದ ವ್ಯತ್ಯಾಸವನ್ನೂ ನಾವೇ ಹೊರಬೇಕು. ಎಪಿಎಸ್ ಶುಲ್ಕ, 75 ಯೂರೋ ವೀಸಾ ಶುಲ್ಕ, ಭಾಷಾ ಪರೀಕ್ಷೆಯ ಶುಲ್ಕ ಹೋದವು ಅಂತಲೇ ಲೆಕ್ಕ. ಏಜೆಂಟರಿಗೆ ಕೊಟ್ಟದ್ದು ವಾಪಸ್ ಬರುತ್ತದೋ ಇಲ್ಲವೋ ಅನ್ನೋದು ಮುಂಚೆ ಬರೆಸಿಕೊಂಡ ಕಾಗದದ ಮೇಲೆ ನಿಂತಿದೆ.

ಸಹಿ ಹಾಕುವ ಮುಂಚೆ

* ಎರಡೂ ವರ್ಷದ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು, ಯಾವುದು ಎಲ್ಲಿಂದ ಬರುತ್ತದೆ ಅಂತ ಪಕ್ಕದಲ್ಲಿ ಗುರುತು ಮಾಡಿ.
* ಅರ್ಜಿಯನ್ನು ಮಗ ಅಥವಾ ಮಗಳೇ ತುಂಬಲಿ. ಪಾಸ್‌ವರ್ಡು, ಇ-ಮೇಲು ಏಜೆಂಟರ ಕೈಯಲ್ಲಿ ಇರಬಾರದು.
* ಸಲ್ಲಿಸುವ ಪ್ರತಿ ಕಾಗದದ ಪ್ರತಿ ಮನೆಯಲ್ಲಿರಲಿ. ನೀವೂ ಒಮ್ಮೆ ಓದಿ.
* ಪ್ರವೇಶ ಪತ್ರ ನಿಜವೇ ಅಂತ ವಿಶ್ವವಿದ್ಯಾಲಯಕ್ಕೇ ನೇರವಾಗಿ ಇ-ಮೇಲ್ ಬರೆದು ಕೇಳಿ.
* ವೀಸಾ ಕೈಗೆ ಬರುವ ಮುಂಚೆ ವಿಮಾನದ ಟಿಕೆಟ್ಟೂ ಬೇಡ, ಕಾಣದ ಕೋಣೆಗೆ ಅಡ್ವಾನ್ಸೂ ಬೇಡ.

‘ಇವೆಲ್ಲ ಗಂಡಸರ ವ್ಯವಹಾರ, ನಮಗೇನು ತಿಳಿಯುತ್ತೆ’ ಅಂತ ಅಡುಗೆಮನೆಗೆ ಹೋಗಿಬಿಡಬೇಡಿ. ಸಾಲದ ಪತ್ರಕ್ಕೆ ಸಹಿ ಹಾಕುವವರಲ್ಲಿ ನೀವೂ ಒಬ್ಬರು, ಅಡವು ಹೋಗುವುದು ನಿಮ್ಮ ಬಳೆ, ಮುಂದಿನ ಸರದಿಗೆ ಕಾಯುತ್ತಿರುವುದು ನಿಮ್ಮ ಎರಡನೇ ಮಗು. ತಿಂಗಳ ಸಂಬಳದಲ್ಲಿ ಹಾಲು, ದಿನಸಿ, ಫೀಸು ಎಲ್ಲ ಸರಿದೂಗಿಸುವ ನಿಮಗೆ ಈ ಲೆಕ್ಕ ಕಷ್ಟವೇನಲ್ಲ. ಎರಡನೇ ವರ್ಷದ ಅಂಕಣ ಖಾಲಿ ಉಳಿದರೆ ಒಂದು ವರ್ಷ ತಡೆದು, ಮಗು ಇಲ್ಲೇ ಕೆಲಸ ಮಾಡಿ ಒಂದಿಷ್ಟು ಕೂಡಿಟ್ಟು, ಜರ್ಮನ್ ಕಲಿತು ಹೋಗಲಿ. ಒಂದು ವರ್ಷ ತಡವಾಗಿ ಹೋದ ಮಗುವಿಗೆ ನಷ್ಟ ಕಡಿಮೆ, ದುಡ್ಡಿಲ್ಲದೆ ನಡುವೆ ಓದು ಬಿಟ್ಟು ಬಂದ ಮಗುವಿಗೆ ಹೆಚ್ಚು.