ಅಗಲಿದವರ ಸುಳಿವೋ, ನಮ್ಮ ಋಣದ ನೆನಪೋ?

ನವೆಂಬರ್ ತಿಂಗಳು ಬಂತೆಂದರೆ ಕರಾವಳಿಯ ನಮ್ಮ ಇಗರ್ಜಿಗಳ ಸಮಾಧಿಸ್ಥಳಗಳಿಗೆ ಕಳೆ ಬರುತ್ತದೆ. ಮಳೆಗಾಲದಲ್ಲಿ ಬೆಳೆದ ಹುಲ್ಲನ್ನು ಸವರಿ, ಗೋರಿಗಳಿಗೆ ಸುಣ್ಣ ಬಳಿದು, 2ನೇ ತಾರೀಕಿನ ಸಕಲ ಮೃತರ ಸ್ಮರಣೆಗಾಗಿ ಕುಟುಂಬಗಳು ಹೂವು, ಮೇಣದ ಬತ್ತಿಗಳೊಡನೆ ನೆರೆಯುತ್ತವೆ. ಪ್ರಾರ್ಥನೆ ಮುಗಿದು ಗೋರಿಗಳ ನಡುವೆ ನಿಂತು ಮಾತನಾಡುವಾಗ ಒಂದು ಬಗೆಯ ಕಥೆ ಪ್ರತಿವರ್ಷವೂ ನಮ್ಮ ಕಿವಿಗೆ ಬೀಳುತ್ತದೆ. ಮೊಮ್ಮಗಳ ಪರೀಕ್ಷೆಯ ಫಲಿತಾಂಶ ಬಂದ ಬೆಳಿಗ್ಗೆಯೇ, ತೀರಿಹೋದ ಅಜ್ಜಿ ನೆಟ್ಟಿದ್ದ ಮಲ್ಲಿಗೆ ಗಿಡ ಮೊದಲ ಮೊಗ್ಗು ಬಿಟ್ಟಿತಂತೆ. ಮನೆ ಮಾರುವ ಮಾತು ನಡೆಯುತ್ತಿದ್ದಾಗ ಗೋಡೆಯ ಮೇಲಿದ್ದ ಅಪ್ಪನ ಭಾವಚಿತ್ರ ಕೆಳಗೆ ಬಿತ್ತಂತೆ. ಹೇಳುವವರ ಧ್ವನಿಯಲ್ಲಿ ಸಂಕೋಚವೂ ಇರುತ್ತದೆ, ಸಮಾಧಾನವೂ ಇರುತ್ತದೆ. ‘ಅವರು ನಮ್ಮ ಜೊತೆಗೇ ಇದ್ದಾರೆ’ ಎಂಬುದೇ ಆ ಮಾತುಗಳ ಸಾರ.

ಇದನ್ನು ಮೂಢನಂಬಿಕೆಯೆಂದು ನಕ್ಕುಬಿಡಬೇಕೇ? ಪರಲೋಕದ ಸೂಚನೆಯೆಂದು ಒಪ್ಪಿಕೊಳ್ಳಬೇಕೇ? ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯ ಕಾರಣ, ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳಲಾರೆವು.

ನಮ್ಮ ತಂದೆಯವರು ತೀರಿಕೊಂಡ ಮರುವರ್ಷದ ನವೆಂಬರ್ 2ರ ಬೆಳಿಗ್ಗೆ, ಮೃತರಿಗಾಗಿ ಹೇಳುವ ಪ್ರಾರ್ಥನೆಯನ್ನು ಹುಡುಕುತ್ತಾ ಅವರ ಹಳೆಯ ಪ್ರಾರ್ಥನಾ ಪುಸ್ತಕವನ್ನು ತೆರೆದೆವು. ಪುಟಗಳ ನಡುವಿನಿಂದ ಮಡಿಚಿದ ಚೀಟಿಯೊಂದು ಜಾರಿ ಬಿತ್ತು. ಸೀಸದ ಕಡ್ಡಿಯಲ್ಲಿ ಬರೆದ ಅವರದೇ ಅಕ್ಷರ. ಬಾವಿಯನ್ನು ಆಳ ಮಾಡಿಸಿದ ಲೆಕ್ಕ: ಕೂಲಿ ಇಷ್ಟು, ಕೊಟ್ಟದ್ದು ಇಷ್ಟು, ಬಾಕಿ 800 ರೂಪಾಯಿ. ಕೆಲಸ ಮಾಡಿದವನ ಹೆಸರೂ ಇತ್ತು. ಆತ ನಮ್ಮ ಧರ್ಮಕೇಂದ್ರದವನೇ. ಆತನೂ ಕಣ್ಮುಚ್ಚಿ ಬಹಳ ವರ್ಷಗಳಾಗಿದ್ದವು. ಅದೇ ಸಂಜೆ ತಂದೆಯವರ ಗೋರಿಯ ಮೇಲೆ ಬತ್ತಿ ಹಚ್ಚಿ ತಲೆಯೆತ್ತಿದರೆ, ನಾಲ್ಕು ಗೋರಿಗಳಾಚೆ ಆತನ ಹೆಂಡತಿ ಒಬ್ಬರೇ ನಿಂತಿದ್ದರು. ‘ಅಪ್ಪನೇ ಕಳಿಸಿದ್ದು’ ಎಂದು ಮನೆಯವರೆಲ್ಲ ಉದ್ಗರಿಸಿದರು. ನಮ್ಮ ಮೈಯೂ ಜುಮ್ಮೆಂದದ್ದು ಸುಳ್ಳಲ್ಲ.

ರಾತ್ರಿ ಶಾಂತವಾಗಿ ಕುಳಿತು ಯೋಚಿಸಿದಾಗ ಬೇರೆ ಲೆಕ್ಕವೂ ಹೊಳೆಯಿತು. ಆ ಪ್ರಾರ್ಥನೆಗಾಗಿ ಆ ಪುಸ್ತಕವನ್ನು ತೆರೆಯುವ ದಿನವೇ ಅದು. ಆ ಸಂಜೆ ಧರ್ಮಕೇಂದ್ರದ ಕುಟುಂಬಗಳೆಲ್ಲ ಅಲ್ಲಿಗೇ ಬರುತ್ತವೆ. ಆಕೆ ಪ್ರತಿವರ್ಷವೂ ಬರುತ್ತಿದ್ದವರೇ. ನಮಗೆ ಆ ರೂಢಿ ಬಂದದ್ದು ಮಾತ್ರ ತಂದೆಯವರನ್ನು ಅಲ್ಲಿ ಮಣ್ಣು ಮಾಡಿದ ಮೇಲೆ. ಹಾಗಾದರೆ ಇದರಲ್ಲಿ ಪವಾಡವೇನು ಬಂತು?

ಸಂತ ಅಗಸ್ಟೀನರು ಇಂಥದೇ ಕಥೆಯೊಂದನ್ನು ಸಾವಿರದ ಆರುನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ. ನೋಲಾದ ಧರ್ಮಾಧ್ಯಕ್ಷರಾದ ಪೌಲಿನಸರ ಪ್ರಶ್ನೆಗೆ ಉತ್ತರವಾಗಿ, ಸುಮಾರು 421ರಲ್ಲಿ, ಮೃತರ ಬಗ್ಗೆ ವಹಿಸಬೇಕಾದ ಕಾಳಜಿಯನ್ನು ಕುರಿತು ಅವರೊಂದು ಚಿಕ್ಕ ಗ್ರಂಥವನ್ನು ರಚಿಸಿದರು. ಮಿಲಾನ್ ನಗರದಲ್ಲಿ ಒಬ್ಬನಿಗೆ, ಸತ್ತ ತಂದೆಯ ಸಾಲವನ್ನು ತೀರಿಸೆಂದು ಕಾಟ ಶುರುವಾಯಿತು. ಸಾಲ ಎಂದೋ ಸಂದಾಯವಾಗಿತ್ತು, ಮಗನಿಗೆ ತಿಳಿದಿರಲಿಲ್ಲ. ತಂದೆ ಕನಸಿನಲ್ಲಿ ಬಂದು ಸಂದಾಯದ ಪತ್ರವಿದ್ದ ಜಾಗವನ್ನು ತಿಳಿಸಿದನಂತೆ. ಇದನ್ನು ಹೇಳಿದ ಸಂತರು ಮರುಗಳಿಗೆಯೇ ತಮ್ಮದೇ ಅನುಭವವನ್ನು ಮುಂದಿಡುತ್ತಾರೆ. ಕಾರ್ತೇಜಿನಲ್ಲಿ ಅಧ್ಯಾಪಕನಾಗಿದ್ದ ಅವರ ಹಳೆಯ ಶಿಷ್ಯ ಯೂಲೋಜಿಯಸ್, ಸಿಸೆರೋವಿನ ಕ್ಲಿಷ್ಟ ವಾಕ್ಯವೊಂದು ಅರ್ಥವಾಗದೆ ಮಲಗಿದಾಗ, ಅಗಸ್ಟೀನರೇ ಕನಸಿನಲ್ಲಿ ಬಂದು ಬಿಡಿಸಿ ಹೇಳಿದರಂತೆ. ಆಗ ಅವರಾದರೋ ಕಡಲಾಚೆಯ ಮಿಲಾನಿನಲ್ಲಿ ಇದಾವುದರ ಅರಿವೂ ಇಲ್ಲದೆ ಇದ್ದರು! ಬದುಕಿರುವವನೇ ತನಗೆ ತಿಳಿಯದಂತೆ ಇನ್ನೊಬ್ಬನ ಕನಸಿನಲ್ಲಿ ಕಾಣಿಸಿಕೊಂಡರೆ, ಕಂಡ ಮಾತ್ರಕ್ಕೆ ಮೃತರೇ ಬಂದರೆಂದು ಹೇಗೆ ಹೇಳುವುದು ಎಂಬುದು ಅವರ ವಾದ. ಹಾಗೆ ಬರುವುದು ಮೃತರ ಇಚ್ಛೆಯಲ್ಲಿದ್ದಿದ್ದರೆ, ನೆಲ ಜಲಗಳನ್ನು ದಾಟಿ ತಮ್ಮನ್ನು ಹಿಂಬಾಲಿಸಿದ್ದ ತಾಯಿ ಮೋನಿಕಾ ಒಂದು ರಾತ್ರಿಯೂ ಬಾರದೆ ಇರುತ್ತಿರಲಿಲ್ಲ ಎಂದೂ ಅವರು ಬರೆಯುತ್ತಾರೆ.

ಹಾಗೆಂದು ಅಗಸ್ಟೀನರು ತಾಯಿಯನ್ನು ಮರೆತವರಲ್ಲ. 387ರಲ್ಲಿ ಓಸ್ತಿಯಾದಲ್ಲಿ ಪ್ರಾಣ ಬಿಡುವ ಮುನ್ನ ಆಕೆ, ತನ್ನ ದೇಹವನ್ನು ಎಲ್ಲಿಯಾದರೂ ಹೂಳಿರಿ, ದೇವರ ಬಲಿಪೀಠದ ಬಳಿ ಮಾತ್ರ ನನ್ನನ್ನು ನೆನೆಯಿರಿ ಎಂದು ಮಕ್ಕಳನ್ನು ಕೇಳಿಕೊಂಡಿದ್ದಳು. ಮಗ ಆಕೆಯನ್ನು ಹುಡುಕಿದ್ದು ಕನಸಿನಲ್ಲಲ್ಲ, ಆ ಪೀಠದಲ್ಲಿ. ಧರ್ಮಸಭೆಯ ಬೋಧನೆಯೂ ಇದೇ ಹಾದಿಯದು. ಕ್ರಿಸ್ತರ ಶಾಂತಿಯಲ್ಲಿ ನಿದ್ರಿಸಿದವರೊಂದಿಗೆ ನಮ್ಮ ಐಕ್ಯ ಕಡಿದುಹೋಗುವುದಿಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸಾರಿತು. ಮೃತರನ್ನು ಆವಾಹಿಸಿ ಕರೆಯುವುದು ಸಲ್ಲದೆಂದು 1992ರ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಹೇಳಿದೆ. ಇವೆರಡೂ ಒಟ್ಟಿಗೆ ನೆನಪಿರಬೇಕು. ದುಃಖದಲ್ಲಿರುವ ಮನೆಗೆ ಬಂದು, ‘ನಿಮ್ಮ ತಾಯಿ ಹೀಗೆ ಹೇಳುತ್ತಿದ್ದಾರೆ’ ಎಂದು ಸಂದೇಶ ತರುವವರಿದ್ದಾರೆ. ಅಂಥವರ ಮಾತಿಗೆ ಕಿವಿಗೊಡುವ ಮುನ್ನ ಸಂತ ಲೂಕರ ಶುಭಸಂದೇಶದ ಧನಿಕನನ್ನು ನೆನೆಯೋಣ. ತನ್ನ ಐವರು ಸೋದರರನ್ನು ಎಚ್ಚರಿಸಲು ಲಾಜರನನ್ನು ಕಳುಹಿಸೆಂದು ಅವನು ಅಂಗಲಾಚಿದಾಗ, ಅಬ್ರಹಾಮನು ಒಪ್ಪಲಿಲ್ಲ. ಅವರಿಗೆ ಮೋಶೆಯೂ ಪ್ರವಾದಿಗಳೂ ಸಾಲದೇ ಎಂಬುದು ಅವನ ಉತ್ತರದ ತಾತ್ಪರ್ಯ.

ಇನ್ನು ನಮ್ಮ ಚೀಟಿಯ ವಿಷಯ. ಅದನ್ನು ಕಳಿಸಿದವರು ಯಾರೆಂಬುದನ್ನು ನಾವು ತೀರ್ಮಾನಿಸಲಾರೆವು. ಯಾರೂ ಕಳಿಸದಿದ್ದರೂ ಬಾಕಿ ಬಾಕಿಯೇ. ಮರುದಿನ ಅಣ್ಣತಮ್ಮಂದಿರು ಕುಳಿತು ಮಾತನಾಡಿದೆವು. ಅಂದಿನ 800 ರೂಪಾಯಿಯನ್ನು ಇಂದು 800 ಎಂದೇ ಕೊಟ್ಟರೆ ಅದು ಋಣ ತೀರಿಸಿದಂತೆ ಆದೀತೇ? ಅಂದು ಅದು ಎಷ್ಟು ದಿನದ ಕೂಲಿಯೋ, ಇಂದಿನ ಅಷ್ಟೇ ದಿನಗಳ ಕೂಲಿಯನ್ನು ಕೊಡುವುದೆಂದು ಒಪ್ಪಿದೆವು. ಆಕೆಯ ಮನೆಗೆ ಹೋಗಿ ವಿಷಯ ತಿಳಿಸಿದಾಗ ಅವರಿಗೆ ಆ ಲೆಕ್ಕದ ನೆನಪೇ ಇರಲಿಲ್ಲ. ಬಹಳ ಹೊತ್ತು ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದು, ಹಣವನ್ನು ತೆಗೆದುಕೊಂಡು, ಅದರಲ್ಲಿ ಸ್ವಲ್ಪವನ್ನು ನಮಗೇ ಮರಳಿಸಿ, ‘ಇಬ್ಬರ ಹೆಸರಿನಲ್ಲೂ ಒಂದು ಪೂಜೆ ಹೇಳಿಸಿ’ ಎಂದರು. ಅಷ್ಟು ವರ್ಷ ಅದೇ ಸಮಾಧಿಸ್ಥಳದಲ್ಲಿ ಒಬ್ಬರೇ ನಿಂತಿದ್ದವರನ್ನು ನಾವು ನೋಡದೆ ಇದ್ದೆವಲ್ಲ ಎಂಬ ನಾಚಿಕೆ ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಆದುದರಿಂದ ಓದುಗ ಬಾಂಧವರಲ್ಲಿ ನಮ್ಮ ಅರಿಕೆ ಇಷ್ಟೇ. ಅಗಲಿದ ತಂದೆ ತಾಯಿ ಯಾವುದೋ ಸಣ್ಣ ಸಂಗತಿಯಲ್ಲಿ ಹತ್ತಿರ ಬಂದಂತೆ ಅನ್ನಿಸಿದರೆ ಹೆದರಬೇಕಿಲ್ಲ, ನಾಚಬೇಕಿಲ್ಲ. ಅದಕ್ಕೆ ಸಾಕ್ಷ್ಯ ಪುರಾವೆಗಳನ್ನೂ ಹುಡುಕಬೇಕಿಲ್ಲ. ಆ ಗಳಿಗೆಯಲ್ಲಿ ಅವರ ಪರವಾಗಿ ಮಾಡಬೇಕಾದ ಕೆಲಸವೇನಾದರೂ ಉಳಿದಿದೆಯೇ ಎಂದು ಕೇಳಿಕೊಂಡರೆ ಸಾಕು. ಮಲ್ಲಿಗೆ ಅರಳಿದ ಬೆಳಿಗ್ಗೆ ಅಜ್ಜಿಯ ಆತ್ಮಕ್ಕಾಗಿ ಒಂದು ಪ್ರಾರ್ಥನೆ ಸಲ್ಲಲಿ. ಅಪ್ಪನ ಚಿತ್ರ ಬಿದ್ದದ್ದು ಮೊಳೆ ತುಕ್ಕು ಹಿಡಿದಿದ್ದರಿಂದಲೇ ಇರಬಹುದು. ಹೊಸ ಮೊಳೆ ಹೊಡೆದು ಚಿತ್ರವನ್ನು ತೂಗುಹಾಕುವ ಮೊದಲು, ಮನೆಯ ವಿಷಯದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಅದರ ಕೆಳಗೆ ಒಮ್ಮೆ ಒಟ್ಟಿಗೆ ಕುಳಿತುಕೊಳ್ಳಲಿ.