ಎಳೆಗಿವಿಯ ವಿದ್ಯೆ

ಕನ್ನಡ ಕಲಿಯಹೊರಟ ಇಂಗ್ಲಿಷರಿಗೆ 'ಹಳ್ಳಿ' ಎಂಬ ಶಬ್ದವನ್ನು ಹೇಳಿಕೊಟ್ಟು ನೋಡಿದವರಿಗೆ ಗೊತ್ತು, ಹತ್ತು ಸಲ ತಿದ್ದಿದರೂ ಅವರ ಬಾಯಿಂದ ಹೊರಡುವುದು ಸಾಮಾನ್ಯವಾಗಿ 'ಹಲ್ಲಿ'ಯೇ. ಮನೆಗೂ ಮಣೆಗೂ, ಕಾಲಿಗೂ ಕಾಳಿಗೂ ಅವರ ಬಾಯಲ್ಲಿ ಭೇದವಿಲ್ಲ. ನಾವು ಇದನ್ನು ನಾಲಗೆಯ ದೋಷವೆಂದು ಭಾವಿಸಿ ನಗುತ್ತೇವೆ. ಆದರೆ ತೊಡಕು ನಾಲಗೆಯಲ್ಲಿ ಇರುವಷ್ಟೇ ಕಿವಿಯಲ್ಲಿಯೂ ಇದೆ. ನಾವು ಎರಡು ಬೇರೆ ಬೇರೆ ಅಕ್ಷರಗಳನ್ನು ಉಚ್ಚರಿಸುತ್ತಿದ್ದೇವೆಂಬುದೇ ಆ ಕಿವಿಗೆ ಸರಿಯಾಗಿ ತಿಳಿಯದು.

ಹಾಗಾದರೆ ಅವರು ಹುಟ್ಟುವಾಗಲೇ ಇಂಥ ಕಿವಿಯನ್ನು ಪಡೆದು ಬಂದವರೇ? ಅಲ್ಲವೆಂದು ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ತೋರಿಸಿಕೊಟ್ಟಿತು. ಅವರು ಆರಿಸಿಕೊಂಡ ಧ್ವನಿಗಳಲ್ಲಿ ಹಿಂದಿಯ ತಕಾರ ಟಕಾರಗಳೂ ಇದ್ದವು. ನಮ್ಮ ಭಾಷೆಯಲ್ಲಿಯೂ ಉಳ್ಳ ಭೇದವೇ ಅದು. ಮಾತನಾಡಲಾರದ ಕೂಸನ್ನು ಪ್ರಶ್ನಿಸುವ ಬಗೆ ಹೇಗೆ ಎಂದು ಓದುಗರು ಕೇಳಬಹುದು. ಉಪಾಯ ಸರಳವಾದುದು. ತಾಯಿಯ ತೊಡೆಯ ಮೇಲೆ ಕುಳಿತ ಮಗುವಿಗೆ ಒಂದೇ ಧ್ವನಿ ಮತ್ತೆ ಮತ್ತೆ ಕೇಳಿಬರುತ್ತದೆ. ಧ್ವನಿ ಬದಲಾದ ಕ್ಷಣದಲ್ಲಿ ಮಗು ಅತ್ತ ತಲೆ ತಿರುಗಿಸಿದರೆ, ಕತ್ತಲೆಯ ಪೆಟ್ಟಿಗೆಯೊಂದರಲ್ಲಿ ದೀಪ ಹೊತ್ತಿ ಆಟದ ಪ್ರಾಣಿಯೊಂದು ಕುಣಿಯುತ್ತದೆ. ಕೂಸು ಈ ಲಂಚಕ್ಕೆ ಬಹುಬೇಗ ಒಗ್ಗಿಕೊಳ್ಳುತ್ತದೆ!

ಇಂಗ್ಲಿಷ್ ಮನೆಗಳಲ್ಲಿ ಬೆಳೆಯುತ್ತಿದ್ದ, ಹಿಂದಿಯನ್ನು ಎಂದೂ ಕೇಳಿರದ ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಬಹುಪಾಲು ಈ ಭೇದವನ್ನು ಗುರುತಿಸಿದವು. ಎಂಟರಿಂದ ಹತ್ತು ತಿಂಗಳಿನವುಗಳಲ್ಲಿ ಹಾಗೆ ಗುರುತಿಸಿದವು ಕಡಮೆ. ಹತ್ತರಿಂದ ಹನ್ನೆರಡು ತಿಂಗಳಿನವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಅದೇ ವಯಸ್ಸಿನ ಹಿಂದಿ ಮನೆಯ ಶಿಶುಗಳಾದರೋ ಸಲೀಸಾಗಿ ಗುರುತಿಸಿದವು. ಎಂದರೆ, ಮೊದಲನೆಯ ಹುಟ್ಟುಹಬ್ಬ ಬರುವಷ್ಟರಲ್ಲಿ ಮಗು ತನ್ನ ಮನೆಯ ಮಾತಿಗೆ ಬೇಕಾದ ಧ್ವನಿಗಳನ್ನು ಇಟ್ಟುಕೊಂಡು, ಬೇಡವಾದ ಭೇದಗಳನ್ನು ಗಮನದಿಂದ ಬಿಟ್ಟುಬಿಟ್ಟಿರುತ್ತದೆ. ಕಿವಿ ಮಂದವಾಯಿತೆಂದಲ್ಲ, ಮಿದುಳು ಮಿತವ್ಯಯವನ್ನು ಕಲಿಯಿತು.

ಪರರನ್ನು ನೋಡಿ ನಗುವ ಮುನ್ನ ನಮ್ಮ ಮನೆಯ ಸಮಾಚಾರವನ್ನೂ ಹೇಳಬೇಕು. ಹಳಗನ್ನಡದಲ್ಲಿ ಳಕಾರವಲ್ಲದೆ ೞಕಾರವೆಂಬ ಬೇರೊಂದು ಧ್ವನಿಯಿತ್ತು. ಈಗಿನ 'ಏಳು', 'ಬಾಳೆ'ಗಳು ಆಗ 'ಏೞು', 'ಬಾೞೆ'. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣದಲ್ಲಿ ೞಕಾರವುಳ್ಳ ಶಬ್ದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಕೇಳಿದೊಡನೆ ತಿಳಿಯುವ ಭೇದಕ್ಕೆ ಪಟ್ಟಿಯೇಕೆ? ಆಗಲೇ ಆಡುಮಾತಿನಲ್ಲಿ ಅದು ಮರೆಯಾಗುತ್ತ ಬಂದಿತ್ತೆಂದು ಊಹಿಸಬಹುದು. ತಮಿಳಿನಲ್ಲಿ, ಮಲೆಯಾಳದಲ್ಲಿ ಆ ಧ್ವನಿ ಇಂದಿಗೂ ಜೀವಂತವಾಗಿದೆ. ಆದರೆ ತಮಿಳರು ತಮ್ಮ ಭಾಷೆಯ ಹೆಸರನ್ನು ಉಚ್ಚರಿಸಿದಾಗ ನಮ್ಮಲ್ಲಿ ಅನೇಕರ ಕಿವಿಗೆ ಅದು ಳಕಾರವಾಗಿಯೇ ಕೇಳಿಸುತ್ತದೆ, ಬರೆಯುವುದೂ ಹಾಗೆಯೇ.

ದೊಡ್ಡವರಾದ ಮೇಲೆ ಕಲಿಯುವುದು ಅಸಾಧ್ಯವೇನೂ ಅಲ್ಲ. ರಕಾರ ಲಕಾರಗಳಲ್ಲಿ ತಡಬಡಿಸುವ ಜಪಾನಿಯರಿಗೆ ಹಲವು ಕಂಠಗಳ ಉಚ್ಚಾರಣೆಯನ್ನು ಪದೇ ಪದೇ ಕೇಳಿಸಿ ಕೆಲವು ವಾರಗಳಲ್ಲಿ ಸುಧಾರಣೆಯನ್ನು ಕಂಡವರಿದ್ದಾರೆ. ಆದರೆ ಕೂಸು ಆಡುತ್ತಾಡುತ್ತ ಕಲಿಯುವುದನ್ನು ದೊಡ್ಡವರು ಬೆವರಿಳಿಸಿ ಕಲಿಯಬೇಕು.

ಆ ಕಲಿಕೆಯಾದರೂ ಸುಮ್ಮನೆ ಶಬ್ದ ಕಿವಿಗೆ ಬಿದ್ದಮಾತ್ರಕ್ಕೆ ಆಗುವುದೆಂದು ಭಾವಿಸಬಾರದು. ಅಮೆರಿಕದ ಸಿಯಾಟಲ್ ನಗರದಲ್ಲಿ ಪೆಟ್ರಿಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಶಿಶುಗಳೊಡನೆ ಚೀನೀ ಭಾಷೆಯವರನ್ನು 12 ಸಲ ಆಡಲು ಕೂರಿಸಿದರು. ಆ ಶಿಶುಗಳು ಚೀನೀ ಧ್ವನಿಭೇದವೊಂದನ್ನು ಕಲಿತುಕೊಂಡವು. ಅದೇ ಮಾತನ್ನು ಟೆಲಿವಿಷನ್ನಿನಲ್ಲಿ ತೋರಿಸಿದ, ಇಲ್ಲವೆ ಧ್ವನಿಮುದ್ರಣದಿಂದ ಕೇಳಿಸಿದ ಶಿಶುಗಳು ಏನನ್ನೂ ಕಲಿಯಲಿಲ್ಲ. ಇದು ಪ್ರಕಟವಾದದ್ದು 2003ರಲ್ಲಿ. ಅಳುವ ಕೂಸಿನ ಕೈಗೆ ಫೋನನ್ನು ಕೊಟ್ಟು ಅಡಿಗೆಮನೆಗೆ ಓಡುವ ತಾಯಂದಿರನ್ನು ನಾನು ದೂಷಿಸಲಾರೆ, ಅವರ ಕಷ್ಟ ಅವರಿಗೆ. ಆದರೆ ಫೋನು ಮಾತು ಕಲಿಸುತ್ತದೆಂಬ ಭ್ರಮೆ ಮಾತ್ರ ಬೇಡ.

ಇಷ್ಟೆಲ್ಲ ನಡೆಯುವ ಆ ಮೊದಲ ವರ್ಷದಲ್ಲಿ ಕಿವಿಯೇ ಕೇಳದ ಕೂಸಿನ ಗತಿಯೇನು? ಹುಟ್ಟುಕಿವುಡು ಮಕ್ಕಳೂ ಮೊದಮೊದಲು ಎಲ್ಲರಂತೆ ಅಳುತ್ತವೆ, 'ಆ', 'ಊ' ಎಂದು ದನಿಗೈಯುತ್ತವೆ. ಆದುದರಿಂದ ಮನೆಯವರಿಗೆ ಅನುಮಾನವೇ ಬಾರದು. 'ಬಬಬ', 'ಮಮಮ' ಎಂಬ ಸ್ಪಷ್ಟವಾದ ತೊದಲು ಹತ್ತು ತಿಂಗಳಾದರೂ ಬಾರದಿದ್ದರೆ ಎಚ್ಚರಗೊಳ್ಳಬೇಕು. ಆದರೆ ಆಗಲೂ ಅಜ್ಜಿ ಸಮಾಧಾನ ಹೇಳುತ್ತಾಳೆ: "ಇವನಪ್ಪನಿಗೂ ಮೂರು ತುಂಬಿದ ಮೇಲೆಯೇ ಮಾತು ಬಂದದ್ದು, ಸುಮ್ಮನಿರಿ." ಆ ಸಮಾಧಾನದಲ್ಲಿ ಕಳೆದುಹೋಗುವುದು ಮತ್ತೆ ಬಾರದ ಕಾಲ.

ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ, 3 ತಿಂಗಳೊಳಗೆ ದೋಷದ ನಿರ್ಣಯ, 6 ತಿಂಗಳೊಳಗೆ ಶ್ರವಣಯಂತ್ರವೇ ಮೊದಲಾದ ಉಪಚಾರ: ತಜ್ಞರು ಒಪ್ಪಿದ ಕ್ರಮವಿದು. 1965ರಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ನಮ್ಮ ಮೈಸೂರಿನಲ್ಲಿಯೇ ಇದೆ. ದೊಡ್ಡ ಆಸ್ಪತ್ರೆಗಳಲ್ಲಿಯೂ ಅನೇಕ ಕಡೆ ಈ ಪರೀಕ್ಷೆಯ ಏರ್ಪಾಡುಂಟು. ಅದಕ್ಕೆ ಸೂಜಿ ಚುಚ್ಚುವುದಿಲ್ಲ, ಮಗುವನ್ನು ಎಬ್ಬಿಸುವುದೂ ಇಲ್ಲ. ಹಾಲು ಕುಡಿದು ಮಲಗಿದ ಕೂಸಿನ ಕಿವಿಯಲ್ಲಿ ಚಿಕ್ಕದೊಂದು ನಳಿಗೆಯನ್ನಿಟ್ಟರೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.